ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ

ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲ ಬಾಗಿಲು ಸಾಮಾನ್ಯವಾಗಿ ಒಳಕ್ಕೇ ತೆರೆಯುತ್ತದೆ. ಬಚ್ಚಲು ಅಂದರೆ ನಾಲ್ಕಡಿ ಅಗಲ, ಐದಡಿ ಉದ್ದ. ಅಷ್ಟರಲ್ಲೇ ನೀರಿನ ಡ್ರಮ್ಮು, ಬಕೆಟ್ಟು, ಕೂರುವ ಮಣೆ. ಎಪ್ಪತ್ತು ದಾಟಿದವರು ಅಲ್ಲಿ ಜಾರಿದರೆ ಬೀಳುವುದು ಬಾಗಿಲಿಗೆ ಅಡ್ಡವಾಗಿಯೇ. ಹೊರಗಿನವರು ದಬ್ಬಿದಷ್ಟೂ ಬಾಗಿಲು ಬಿದ್ದವರ ಸೊಂಟಕ್ಕೆ ಒತ್ತುತ್ತದೆ. ಚಿಲಕವೂ ಬಿದ್ದಿದ್ದರೆ ಒಡೆಯಬೇಕು, ಒಡೆದ ಬಾಗಿಲು ಅವರ ಮೈಮೇಲೇ ಬೀಳುತ್ತದೆ.

ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ನಾನು ಮೊದಲು ನೋಡಿ ಎನ್ನುವುದು ಈ ಬಾಗಿಲನ್ನೇ. ಕೀಲು ಬಿಚ್ಚಿ ಹೊರಕ್ಕೆ ತೆರೆಯುವಂತೆ ಕೂಡಿಸಲು ಬಡಗಿಗೆ ಅರ್ಧ ದಿನದ ಕೆಲಸ. ಕಟ್ಟಿಗೆಯ ಚೌಕಟ್ಟಾದರೆ ಬಾಗಿಲು ಕೂರುವ ಪಟ್ಟಿಯನ್ನೂ ಆಚೆ ಬದಿಗೆ ಬದಲಿಸಬೇಕು, ಇಲ್ಲದಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಹೊರಗೆ ಜಾಗವಿಲ್ಲವೆಂದರೆ ಬಾಗಿಲೇ ತೆಗೆದು ದಪ್ಪ ಪರದೆ ಕಟ್ಟಿ. ಒಬ್ಬರೇ ಇರುವ ಮನೆಯಲ್ಲಿ ಬಚ್ಚಲಿಗೆ ಚಿಲಕ ಹಾಕಿಕೊಳ್ಳುವುದು ಯಾರಿಗೋಸ್ಕರ? ಒಳಗಿನ ಚಿಲಕವನ್ನು ಇವತ್ತೇ ಸ್ಕ್ರೂ ಬಿಚ್ಚಿ ತೆಗೆಯಬಹುದು. ಇದಕ್ಕೆ ದುಡ್ಡೇ ಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಿದ್ದವರಿಗೆ ಏಟಿನಷ್ಟೇ ಕೆಡುಕು ಮಾಡುವುದು ನೆಲದ ಮೇಲೆ ಬಿದ್ದೇ ಇರುವ ಹೊತ್ತು. ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿದ್ದರೆ ಒತ್ತಿದ ಕಡೆ ಚರ್ಮ ಕೆಡುತ್ತದೆ, ಮಾಂಸಖಂಡ ನಜ್ಜಾಗಿ ಅದರ ವಿಷ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ, ನೀರಿಲ್ಲದೆ ಮೈ ಬತ್ತುತ್ತದೆ. ಹಾಗಾಗಿ ಒಬ್ಬರೇ ಇರುವುದಕ್ಕೆ ಬೇಕಾದ ಏರ್ಪಾಡಿನಲ್ಲಿ ದೊಡ್ಡದು ಇದು: ನಿಮಗೇನಾದರೂ ಆದರೆ ಒಂದು ಗಂಟೆಯೊಳಗೆ ಯಾರಿಗಾದರೂ ತಿಳಿಯಬೇಕು, ತಿಳಿದವರು ಒಳಗೆ ಬರಲು ಆಗಬೇಕು.

ತಿಳಿಯುವ ದಾರಿ ನಮ್ಮ ಓಣಿಗಳಲ್ಲಿ ಹಿಂದಿನಿಂದಲೂ ಇದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕುವುದು. ಎದುರು ಮನೆಯವರ ಜೊತೆ ಬಾಯಿಬಿಟ್ಟು ಮಾತಾಡಿಕೊಳ್ಳಿ: "ಏಳೂವರಿ ಆದ್ರೂ ನನ್ನ ಅಂಗಳ ಒಣಾ ಇದ್ರ ಒಂದು ಫೋನ್ ಮಾಡವ್ವಾ. ಎತ್ತಲಿಲ್ಲಂದ್ರ ಕೀಲಿ ತಗೊಂಡು ಬಾ." ಹೀಗೆ ಸ್ಪಷ್ಟವಾಗಿ ಹೇಳದಿದ್ದರೆ ಎಲ್ಲರೂ ಅವರಿಗೆ ಮೈಯಲ್ಲಿ ಸರಿ ಇಲ್ಲೇನೋ, ಊರಿಗೆ ಹೋಗ್ಯಾರೇನೋ ಎಂದುಕೊಂಡು ಮಧ್ಯಾಹ್ನದವರೆಗೂ ಸುಮ್ಮನಿರುತ್ತಾರೆ. ಗಂಡಸರು ಒಬ್ಬರೇ ಇದ್ದರೆ ಪಡಸಾಲೆಯ ಕಿಟಕಿ ತೆರೆಯುವುದೋ ಹಾಲಿನ ಪಾಕೀಟು ಒಳಗೆ ತೆಗೆದುಕೊಳ್ಳುವುದೋ ಗುರುತಾಗಲಿ. ಊರಿಗೆ ಹೋಗುವ ದಿನ ಮರೆಯದೆ ಹೇಳಿ ಹೋಗಿ. ಎರಡು ಸಲ ಸುಳ್ಳು ಗಾಬರಿಯಾದರೆ ಮೂರನೇ ಸಲ ಯಾರೂ ಬರುವುದಿಲ್ಲ.

ಬೆಳಗಿನ ಗುರುತು ರಾತ್ರಿ ಬಿದ್ದವರಿಗೆ ತಡವಾಯಿತು. ಅದಕ್ಕೆ ರಾತ್ರಿ ಎಂಟೂವರೆಗೆ ಮಗನಿಗೋ ಮಗಳಿಗೋ ಒಂದು ಮಿಸ್ಡ್ ಕಾಲ್. ಬಾರದಿದ್ದರೆ ಒಂಬತ್ತಕ್ಕೆ ಅವರು ಫೋನ್ ಮಾಡಬೇಕು, ಎತ್ತದಿದ್ದರೆ ಒಂಬತ್ತೂ ಹತ್ತಕ್ಕೆ ಎದುರು ಮನೆಗೆ. ಈ ಏರ್ಪಾಡು ಕೆಡುವುದು ಬಹಳ ಸಣ್ಣ ಕಾರಣಕ್ಕೆ: ರೀಚಾರ್ಜ್ ಮುಗಿದು ಹೊರಹೋಗುವ ಕರೆ ನಿಂತಿರುತ್ತದೆ. ದೂರದ ಮಕ್ಕಳು ಮಾಡಬಹುದಾದ ದೊಡ್ಡ ಉಪಕಾರವೆಂದರೆ ರೀಚಾರ್ಜ್ ಮುಗಿಯುವ ತಾರೀಖನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು.

ಇನ್ನು ಒಳಗೆ ಬರುವುದು. ಎದುರು ಮನೆಯವರ ಕೈಯಲ್ಲಿ ಕೀಲಿಕೈ ಇದೆ ಎಂದು ನಿಶ್ಚಿಂತರಾಗಿರುತ್ತಾರೆ, ಆದರೆ ರಾತ್ರಿ ತಲೆಬಾಗಿಲಿಗೆ ಒಳಗಿನಿಂದ ಮೇಲೊಂದು ಕೆಳಗೊಂದು ಚಿಲಕ ಹಾಕಿರುತ್ತಾರೆ. ಆಗ ಆ ಕೀಲಿಕೈ ಇದ್ದೂ ಇಲ್ಲದಂತೆ. ಹೊರಗಿನಿಂದ ಕೀಲಿಕೈ ಹಾಕಿ ತೆರೆಯಬಹುದಾದ ನೈಟ್ ಲ್ಯಾಚ್ ಕೂಡಿಸಿ, ಮಲಗುವಾಗ ಅದೊಂದನ್ನೇ ಹಾಕಿ. ಕಳ್ಳರ ಭಯವಿದ್ದರೆ ಹೊರಗೆ ಗ್ರಿಲ್ ಬಾಗಿಲು, ಅದಕ್ಕೊಂದು ಬೀಗ, ಆ ಬೀಗದ ಎರಡನೇ ಕೀಲಿಕೈಯೂ ಅದೇ ಗೊಂಚಲಿನಲ್ಲಿ. ಗ್ರಿಲ್ ಇದ್ದರೆ ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ ಎಂದು ಬರುವವರನ್ನೂ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಬಹುದು.

ಫೋನು ಮೈಮೇಲೇ ಇರಲಿ. ತಿಜೋರಿಯ ಮೇಲೋ ಟಿವಿ ಪಕ್ಕದಲ್ಲೋ ಇಟ್ಟ ಫೋನು ನೆಲದಲ್ಲಿ ಬಿದ್ದವರಿಗೆ ಎಟುಕುವುದಿಲ್ಲ. ಬಟನ್ ಫೋನಿಗೆ ಕೊರಳ ದಾರ ಕಟ್ಟಿ, ಸ್ನಾನಕ್ಕೆ ಹೋಗುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಚ್ಚಲಲ್ಲಿ ಮೊಣಕಾಲೆತ್ತರದ ಮೊಳೆಗೆ ನೇತುಹಾಕಿ, ಎದೆಯೆತ್ತರದಲ್ಲಿ ಬೇಡ. ಬಟನ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್ ಫೋನುಗಳಲ್ಲಿ ಪವರ್ ಬಟನ್ ಮೂರು ಸಲ ಬೇಗ ಒತ್ತಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬೇಕೆಂಬುದು ನಿಯಮ. ನಿಮ್ಮ ಫೋನಿನಲ್ಲಿ ಯಾವುದು ಕೆಲಸ ಮಾಡುತ್ತದೆಂದು ತಿಳಿದವರಿಂದ ನೋಡಿಸಿಕೊಳ್ಳಿ. ಆಂಬುಲೆನ್ಸ್ 108. ಹಿರಿಯರ ಸಹಾಯವಾಣಿ 14567, ಅದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಗೋಡೆಗೆ ಈ ಅಂಕಿಗಳನ್ನು ಎರಡು ಇಂಚು ಎತ್ತರ ಬರೆಯಿರಿ, ಕನ್ನಡಕವಿಲ್ಲದೆ ಕಾಣಬೇಕು.

ಬೀಳದಂತೆ ಮಾಡುವುದಕ್ಕೆ ಹಿಡಿಕೆ ಪೈಪು ಬೇಕೇ ಬೇಕು. ಟವೆಲ್ ಹಾಕುವ ಸ್ಟ್ಯಾಂಡು ಹಿಡಿಕೆಯಲ್ಲ, ಮನುಷ್ಯನ ಭಾರಕ್ಕೆ ಅದು ಕಿತ್ತು ಬರುತ್ತದೆ. ಪೈಪಿನ ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ಪೈಪಿಗೂ ನಡುವೆ ಒಂದೂವರೆ ಇಂಚು ಸಂದು. ಸಂದು ಹೆಚ್ಚಾದರೆ ಜಾರಿದಾಗ ಕೈ ಮೊಳಕೈವರೆಗೂ ಒಳಗೆ ತೂರಿ ಎಲುಬು ಮುರಿಯುತ್ತದೆ. ಕಮೋಡಿನ ಪಕ್ಕ ಕೂತಾಗ ಮೊಳಕೈ ಇರುವ ಎತ್ತರಕ್ಕೆ ಅಡ್ಡ ಪೈಪು, ಸ್ನಾನದ ಜಾಗದಲ್ಲಿ ನಿಂತು ಕೈ ಚಾಚಿದರೆ ಸಿಗುವಂತೆ ನೆಟ್ಟಗೊಂದು. ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಸಾಕು. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯಲ್ಲಿ ಅದು ನಾಲ್ಕು ತಿಂಗಳಿಗೆ ಸಡಿಲವಾಗುತ್ತದೆ. ಅಂಥ ಕಡೆ ಗೋಡೆಯ ಆಚೆಗೂ ತೂತು ಕೊರೆದು ಹಿಂಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಸಬೇಕು. ಹಾಕಿದ ದಿನವೇ ಗಟ್ಟಿಮುಟ್ಟಾದ ಹುಡುಗನೊಬ್ಬ ಪೂರ್ತಿ ಜೋತುಬಿದ್ದು ನೋಡಲಿ.

ಶಾಬಾದಿ ಕಲ್ಲು ಒಣಗಿದ್ದಾಗ ಒಳ್ಳೆಯದು, ಸೋಪಿನ ನೀರು ಬಿದ್ದರೆ ಗಾಜು. ಕಲ್ಲು ಕೀಳಿಸಬೇಕಿಲ್ಲ, ಕಲ್ಲು ಕೆಲಸದವರಿಂದ ಚಾಣದಲ್ಲಿ ಒರಟು ಮಾಡಿಸಿದರೆ ಸಾಕು. ಫ್ಲೋರೈಡ್ ನೀರು ಕುಡಿದು ಬೆನ್ನು, ಕುತ್ತಿಗೆ ಬಿಗಿದವರು ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಕೆಳಗೆ ಬಗ್ಗಿ ನೋಡಲು ಆಗುವುದಿಲ್ಲ. ಹೊಸ್ತಿಲು, ಮೆಟ್ಟಿಲಿನ ಅಂಚಿಗೆ ದಪ್ಪ ಹಳದಿ ಬಣ್ಣದ ಗೆರೆ ಎಳೆಯಿರಿ, ದೂರದಿಂದಲೇ ಕಾಣುತ್ತದೆ. ಶೌಚಾಲಯ ಹಿತ್ತಲಲ್ಲಿದ್ದರೆ ರಾತ್ರಿ ಮಾತ್ರ ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟುಕೊಳ್ಳಿ. ನಾಚಿಕೆಯ ಮಾತೇ ಇಲ್ಲ. ಕತ್ತಲಲ್ಲಿ ಹಿತ್ತಲ ಮೆಟ್ಟಿಲು ಇಳಿಯುವುದೂ ತಪ್ಪುತ್ತದೆ, ಚೇಳು ತುಳಿಯುವುದೂ ತಪ್ಪುತ್ತದೆ.

ನಳ ಬಿಡುವ ದಿನದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಾಲ್ಕಾರು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅವತ್ತು ಅವಸರ, ಅಂಗಳದ ತುಂಬ ಒದ್ದೆ, ಕಾಲಿಗೆ ತೊಡರುವ ಪೈಪು, ಬಾಯಿ ತೆರೆದ ಸಂಪು, ಒದ್ದೆ ಕೈಯಲ್ಲಿ ಮೋಟರಿನ ಸ್ವಿಚ್ಚು. ಬಗ್ಗಿ ಸಂಪಿನಿಂದ ಬಕೆಟ್ಟು ಎಳೆಯುವುದನ್ನು ಈ ವಯಸ್ಸಿನಲ್ಲಿ ಬಿಡಲೇಬೇಕು. ಮೇಲಿನ ಟ್ಯಾಂಕು ತುಂಬಿದಾಗ ತಾನೇ ನಿಲ್ಲುವ ಮೋಟರ್ ಸ್ವಿಚ್ಚಿಗೆ ಹಾಕುವ ದುಡ್ಡು ದಂಡವಲ್ಲ.

ಬೇಸಿಗೆಯಲ್ಲಿ ಕೂಲರ್. ನಮ್ಮ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎದುರಿನ ಕಿಟಕಿ ತೆರೆದಿದ್ದರೆ ಮಾತ್ರ. ಎಲ್ಲ ಮುಚ್ಚಿದರೆ ಒಂದು ಗಂಟೆಯಲ್ಲಿ ಕೋಣೆ ಜಿಗುಟಾಗಿ ಬೆವರು ಆರುವುದೇ ನಿಲ್ಲುತ್ತದೆ. ಅಪಾಯ ಇರುವುದು ತಗಡಿನ ಕೂಲರಿನಲ್ಲಿ. ನೀರಿನಲ್ಲಿ ಮುಳುಗಿದ ಪಂಪಿನ ವೈರು ಸುಲಿದರೆ ತಗಡಿಗೆಲ್ಲ ಕರೆಂಟು ಹರಿಯುತ್ತದೆ. ಎಂಸಿಬಿ ಇದೆ ಎಂದರೆ ಸಾಲದು, ಅದು ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಬೇಕಾದದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚು. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ, ತಕ್ಷಣ ಬೀಳಬೇಕು. ಹಳೇ ವೈರಿಂಗಿನಲ್ಲಿ ನ್ಯೂಟ್ರಲ್ ವೈರುಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ಅದು ಪದೇ ಪದೇ ಬೀಳುತ್ತದೆ. ಆಗ ಕೆಲವರು ರಗಳೆಯೇ ಬೇಡವೆಂದು ಅದನ್ನು ಬೈಪಾಸ್ ಮಾಡಿ ಹೋಗುತ್ತಾರೆ, ಹಾಗೆ ಮಾಡಲು ಬಿಡಬೇಡಿ, ವೈರು ಬೇರೆ ಮಾಡಿಸಿ. ನೆಲ ಒಣಗಿದಾಗ ಅರ್ಥಿಂಗ್ ಕೂಡ ದುರ್ಬಲವಾಗುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಅರ್ಥಿಂಗ್ ಗುಂಡಿಗೆ ಎರಡು ಬಕೆಟ್ ನೀರು ಹಾಕಿಸಿ. ಕೂಲರಿಗೆ ನೀರು ಹಾಕುವಾಗ ಸ್ವಿಚ್ಚು ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು.

ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆಯಾಗುತ್ತದೆ, ಅದಕ್ಕೆ ಬಾಯಾರಿದಾಗ ಕುಡಿಯುತ್ತೇನೆ ಎಂದರೆ ಆಗದು. ಬೆಳಿಗ್ಗೆಯೇ ಎರಡು ಲೀಟರ್ ಅಳೆದು ಬೇರೆ ಇಡಿ, ಸಂಜೆ ಏಳರೊಳಗೆ ಖಾಲಿಯಾಗಲಿ. ಹೃದಯ, ಕಿಡ್ನಿಯ ತೊಂದರೆಗೆ ನೀರು ಅಳತೆ ಮಾಡಿಕೊಟ್ಟಿದ್ದರೆ ಡಾಕ್ಟರ ಅಳತೆಯೇ ನಡೆಯಲಿ. ಮೂತ್ರ ಹೋಗಿಸುವ ಮಾತ್ರೆ ನುಂಗುವವರು ಬೇಸಿಗೆ ಶುರುವಾಗುವ ಮುಂಚೆಯೇ ಪ್ರಮಾಣದ ಬಗ್ಗೆ ಡಾಕ್ಟರನ್ನು ಕೇಳಬೇಕು, ತಾವಾಗಿಯೇ ಬಿಡಬಾರದು. ಮೈ ಕಾದ ಹೆಂಚಿನಂತಾಗಿ ಮಾತು ತೊದಲಿದರೆ, ತಿಳಿಯದೆ ಏನೇನೋ ಮಾತಾಡಿದರೆ ಅದು ಬಿಸಿಲ ಹೊಡೆತ. ಕೊರಳು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು.

ಸಕ್ಕರೆ ಕಾಯಿಲೆಯವರಿಗೆ ಇದೇ ಬಿಸಿಲು ಮೋಸ ಮಾಡುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿ ಊಟ ತಡವಾದರೆ, ಏಕಾದಶಿ, ರಂಜಾನ್ ಉಪವಾಸವಿದ್ದರೆ ಸಕ್ಕರೆ ಇಳಿದು ಮೈ ಬೆವರುತ್ತದೆ. ಸೆಕೆಗೆ ಬೆವರುತ್ತಿದೆ ಎಂದುಕೊಂಡು ಫ್ಯಾನಿನ ಕೆಳಗೆ ಒರಗಿದರೆ ಎಚ್ಚರ ತಪ್ಪಿದ್ದೇ ಗೊತ್ತಾಗುವುದಿಲ್ಲ. ಕೈ ನಡುಕ, ಎದೆ ಡವಡವ, ಮಂಕು ಸೇರಿದ್ದರೆ ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಮೂರು ಚಮಚ, ಸರಿಹೋದ ಮೇಲೆ ಊಟ. ರೊಟ್ಟಿ ಇಷ್ಟು ಬೇಗ ಸಕ್ಕರೆ ಏರಿಸುವುದಿಲ್ಲ. ಸಕ್ಕರೆ ಡಬ್ಬಿ ದಿಂಬಿನ ಪಕ್ಕದಲ್ಲೇ ಇರಬೇಕು.

ಬಿದ್ದರೆ ಕೂಡಲೇ ಏಳಬೇಡಿ. ಎರಡು ನಿಮಿಷ ಹಾಗೇ ಇದ್ದು ಕೈಕಾಲು ಆಡಿಸಿ ನೋಡಿ. ನೋವಿಲ್ಲದಿದ್ದರೆ ಮಗ್ಗುಲಾಗಿ, ಮೊಳಕೈ ಊರಿ, ಅಂಬೆಗಾಲಿಗೆ ಬಂದು ಗಟ್ಟಿ ಕುರ್ಚಿಯವರೆಗೆ ಸರಿಯಿರಿ. ಎರಡೂ ಕೈ ಕುರ್ಚಿಯ ಮೇಲೆ, ಬಲವಾದ ಕಾಲು ಮುಂದೆ, ಆಮೇಲೆ ಮೈ ತಿರುಗಿಸಿ ಕೂರುವುದು. ಇದನ್ನು ಗಟ್ಟಿಯಾಗಿರುವಾಗಲೇ ಯಾರಾದರೂ ಪಕ್ಕದಲ್ಲಿದ್ದಾಗ ಹಾಸಿಗೆಯ ಮೇಲೆ ಐದಾರು ಸಲ ಮಾಡಿ ಕಲಿಯಿರಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಯ ಎಲುಬಿನ ಬುಡ ಮುರಿದಿದೆ ಎಂದೇ ತಿಳಿದು ನಿಲ್ಲಲು ನೋಡಬೇಡಿ, ತಿಕ್ಕಿಸಬೇಡಿ, ಎಲುಬು ಕಟ್ಟುವವರಲ್ಲಿ ಒಂದು ವಾರ ಕಳೆಯಬೇಡಿ. ಬಳ್ಳಾರಿಯಲ್ಲಿ ಹೆಸರು ಬದಲಾದರೂ ಜನ ಈಗಲೂ ವಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಯೋ, ರಾಯಚೂರಿನ ರಿಮ್ಸೋ, ನೇರ ಅಲ್ಲಿಗೆ. ಆಪರೇಷನ್ ಎರಡು ದಿನದೊಳಗೆ ಆದಷ್ಟೂ ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಏಟಾದರೆ ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಏಳಲು ಆಗದಿದ್ದರೆ ಒದ್ದೆ ನೆಲದಿಂದ ಸರಿದು, ಕೈಗೆ ಸಿಕ್ಕ ಬಟ್ಟೆ ಹೊದ್ದು, ತಂಬಿಗೆಯಿಂದ ಬಕೆಟ್ಟಿಗೆ ಮೂರು ಮೂರು ಸಲ ಬಿಟ್ಟು ಬಿಟ್ಟು ಬಡಿಯಿರಿ. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತದೆ, ಈ ಸದ್ದು ಬಹಳ ಹೊತ್ತು ಮಾಡಬಹುದು, ಓಣಿಗೂ ಕೇಳುತ್ತದೆ.

ಮನೆ ನಿಮ್ಮ ಹೆಸರಿನಲ್ಲೇ ಇರಲಿ. ಕೊಡುವುದೇ ಆದರೆ ವಿಲ್ ಬರೆಯಿರಿ, ಅದು ನಿಮ್ಮ ಕಾಲಾನಂತರ ಜಾರಿಗೆ ಬರುತ್ತದೆ, ಬೇಕೆಂದಾಗ ಬದಲಿಸಬಹುದು. ದಾನಪತ್ರವೇ ಮಾಡಿದರೆ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಆ ಪತ್ರದಲ್ಲೇ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ಅಂಥ ದಾನವನ್ನು, ಪಡೆದವರು ನೋಡಿಕೊಳ್ಳದಿದ್ದರೆ, ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಬಾಯಿಮಾತಿನಲ್ಲೇ ಉಳಿದಿದ್ದರೆ ಸಾಬೀತು ಮಾಡುವುದು ಕಷ್ಟ.

ಆರು ತಿಂಗಳಲ್ಲಿ ಎರಡು ಸಲ ಬಿದ್ದಿದ್ದರೆ, ಗ್ಯಾಸ್ ಹಚ್ಚಿಟ್ಟು ಮರೆತದ್ದು ಮರುಕಳಿಸಿದ್ದರೆ, ಮಾತ್ರೆ ಎಣಿಸಿದಾಗ ಲೆಕ್ಕ ತಪ್ಪುತ್ತಿದ್ದರೆ ರಾತ್ರಿ ಹೊತ್ತು ಜೊತೆಗೆ ಯಾರಾದರೂ ಮಲಗುವ ಏರ್ಪಾಡು ಆಗಬೇಕು. ಮನೆ ಬಿಡಿಸುವ ಮಾತು ಅಲ್ಲಿಂದಲೇ ಶುರುವಾಗಬೇಕಿಲ್ಲ. ಊರಿಗೆ ಬಂದ ಮಕ್ಕಳು "ಆರಾಮ ಇದ್ದೀಯೇನವ್ವಾ" ಎಂದು ಕೇಳಿ ಸುಮ್ಮನಾಗದೆ ಅಡುಗೆಮನೆಗೆ ಹೋಗಿ ಪಾತ್ರೆಗಳ ತಳ ಸೀದಿದೆಯೇ ನೋಡಲಿ.

ಎಲ್ಲ ಆದ ಮೇಲೆ ಒಂದು ದಿನ ಪರೀಕ್ಷೆ ಮಾಡಿ. ಮಕ್ಕಳಿಗೆ ಹಿಂದಿನ ರಾತ್ರಿಯೇ ಹೇಳಿಟ್ಟು, ಬೆಳಿಗ್ಗೆ ಥಳಿ ಹೊಡೆಯದೆ ಗಡಿಯಾರ ನೋಡುತ್ತ ಒಳಗೇ ಕೂತಿರಿ. ಏಳೂವರೆ ದಾಟಿದ ಮೇಲೆ ಎಷ್ಟು ಹೊತ್ತಿಗೆ ಫೋನು ಬಂತು, ಎಷ್ಟು ಹೊತ್ತಿಗೆ ಕೀಲಿಕೈ ತಂದರು, ಗ್ರಿಲ್‌ನ ಬೀಗ ತೆರೆಯಿತೇ ಇಲ್ಲವೇ ಎಂದು ಬರೆದಿಟ್ಟುಕೊಳ್ಳಿ. ಬಂದವರನ್ನು ಕೂಡಿಸಿ ಚಹಾ ಕೊಟ್ಟು, ಯಾಕೆ ಹೀಗೆ ಮಾಡಿದೆ ಎಂದು ಹೇಳಿ. ಎಲ್ಲಿ ತಡವಾಯಿತೋ ಅದನ್ನು ಅವರ ಎದುರಿಗೇ ಸರಿಮಾಡಿಕೊಳ್ಳಿ.