ಉಲ್ಟಾ ತಿರುಗಿದ ರಾತ್ರಿ

ರಾತ್ರಿ ಒಂದೂಕಾಲಕ್ಕೆ ನೆಲಮಾಳಿಗೆಗೆ ಇಳಿದವನಿಗೆ ಬ್ಲೋವರ್ ಓಡುತ್ತಿರುವುದು ಕೇಳಿಸಿತು, ತೊಟ್ಟಿಯ ಸದ್ದು ಕೇಳಿಸಲಿಲ್ಲ. ಕೊಳಚೆ ನೀರಿಗೆ ಬ್ಲೋವರಿನಿಂದ ಗಾಳಿ ಊದುವ ಈ ಏರೇಷನ್ ಟ್ಯಾಂಕ್ ಅಂದರೆ ಹಗಲೂ ಇರುಳೂ ಹಂಡೆಯಲ್ಲಿ ನೀರು ಮರಳಿದ ಹಾಗೆ ಕುದಿಯುತ್ತಿರಬೇಕು. ಟಾರ್ಚ್ ಹಾಕಿ ಬಗ್ಗಿ ನೋಡಿದೆ. ನೀರು ಗಾಳಿಯಿಲ್ಲದ ದಿನದ ಕೆರೆಯ ಹಾಗೆ ಮಲಗಿತ್ತು. ಒಂದು ಗುಳ್ಳೆಯೂ ಇಲ್ಲ.

ಮೈಸೂರಿನ ವರ್ತುಲ ರಸ್ತೆಗೆ ಹತ್ತಿರದ ಒಂದು ವಸತಿ ಸಮುಚ್ಚಯದಲ್ಲಿ ನನಗೆ ಕೆಲಸ. ಹುದ್ದೆಯ ಹೆಸರು ಎಲೆಕ್ಟ್ರಿಷಿಯನ್. ರಾತ್ರಿ ಪಾಳಿಯಲ್ಲಿ ಮಾತ್ರ ಆ ಹೆಸರಿಗೆ ಅರ್ಥವಿಲ್ಲ. ಟ್ರಾನ್ಸ್‌ಫಾರ್ಮರ್, ಜನರೇಟರ್, ಲಿಫ್ಟ್, ಬೋರ್‌ವೆಲ್, ನೀರು ಮೆದುಗೊಳಿಸುವ ಸಾಫ್ಟನರ್, ಕುಡಿಯುವ ನೀರಿನ ಆರ್‌ಒ, ಕೊಳಚೆ ನೀರು ಶುದ್ಧಮಾಡುವ ಎಸ್‌ಟಿಪಿ ಎಲ್ಲವೂ ಇಬ್ಬರ ತಲೆಗೆ. ಒಬ್ಬ ನಾನು. ಇನ್ನೊಬ್ಬರು ಎಸ್‌ಟಿಪಿ ನೋಡಿಕೊಳ್ಳುವ ನಂಜನಗೂಡು ಕಡೆಯ ಹಿರಿಯರು. ಅವರನ್ನು ಎಲ್ಲರೂ ಯಜಮಾನರೇ ಎಂದೇ ಕರೆಯುವುದು. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಕಟ್ಟಿದವರು. ಓದು ಏಳನೆಯ ತರಗತಿ. ನನ್ನದು ಐಟಿಐ, ಜೊತೆಗೆ ಮಂಡ್ಯ ಜಿಲ್ಲೆಯವನೆಂಬ ಒಂದು ಜಂಬ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಿಂದಲೇ ಅಲ್ಲವೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು! ಆ ಮಾತನ್ನು ಯಜಮಾನರಿಗೆ ನಾನು ಕಡಿಮೆಯೆಂದರೂ ಹತ್ತು ಸಲ ಹೇಳಿದ್ದೇನೆ. ಅಂದು ರಾತ್ರಿಯ ನಂತರ ಹೇಳಿಲ್ಲ.

ಮೇ ತಿಂಗಳ ಮೊದಲ ವಾರ, ಭರಣಿ ಮಳೆ. ಒಂಬತ್ತು ಇಪ್ಪತ್ತಕ್ಕೆ ಗಾಳಿ ಎದ್ದು, ಎಲ್ಲಿಯೋ ಒಂದು ಮರದ ಕೊಂಬೆ 11 ಕೆವಿ ಲೈನಿನ ಮೇಲೆ ಬಿದ್ದು ಇಡೀ ಬಡಾವಣೆ ಕತ್ತಲಾಯಿತು. ನಮ್ಮ 250 ಕೆವಿಎ ಜನರೇಟರ್ ತಾನಾಗಿಯೇ ಶುರುವಾಗಿ ಹದಿನೈದು ಸೆಕೆಂಡಿನೊಳಗೆ ಹೊರೆ ಹೊತ್ತುಕೊಂಡಿತು. ಹನ್ನೊಂದರ ಸುತ್ತಿನಲ್ಲಿ ನಾನೇ ಲಾಗ್ ಬುಕ್ಕಿನಲ್ಲಿ ಬರೆದಿದ್ದೆ: ಬ್ಲೋವರ್ ಒತ್ತಡ 0.4, ಸ್ಯಾಂಡ್ ಫಿಲ್ಟರ್ 2.5. ಎಲ್ಲ ಸರಿ. ಹನ್ನೆರಡು ನಲವತ್ತಕ್ಕೆ ಲೈನ್ ಕರೆಂಟ್ ಬಂತು, ಜನರೇಟರ್ ನಿಂತಿತು, ನಾನು ಒಂದು ಲೋಟ ಕಾಫಿ ಕುಡಿದೆ. ಐದೇ ನಿಮಿಷದಲ್ಲಿ ಗೇಟಿನಿಂದ ಫೋನ್. ಮೂರು ಲಿಫ್ಟುಗಳೂ ನಿಂತಿವೆ. ರೈಲಿನಿಂದ ಇಳಿದು ಬಂದ ವಯಸ್ಸಾದ ದಂಪತಿ ಸೂಟ್‌ಕೇಸ್ ಹಿಡಿದು ಕೆಳಗೆ ನಿಂತಿದ್ದಾರೆ, ಅವರ ಮನೆ ಒಂಬತ್ತನೆಯ ಮಹಡಿ.

ಸಿಡಿಲಿಗೆ ಲಿಫ್ಟಿನ ಬೋರ್ಡ್ ಹೋಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಮೂರರ ಬೋರ್ಡೂ ಒಂದೇ ಏಟಿಗೆ ಹೋಗುವುದು ಹೇಗೆ ಎಂದು ಆಗ ಕೇಳಿಕೊಳ್ಳಲಿಲ್ಲ. ಸೂಪರ್‌ವೈಸರ್ ಸಾಹೇಬರಿಗೆ ಫೋನ್ ಮಾಡಿದೆ, ಲಿಫ್ಟಿನವರನ್ನು ಕರೆಸಲು ಅವರು ಒಪ್ಪಿದರು. ಪ್ಯಾನೆಲ್ಲಿನಲ್ಲಿ ವೋಲ್ಟೇಜ್ ನೋಡಿದೆ. ಮೂರೂ ಫೇಸಿನ ನಡುವೆ 415ರ ಆಸುಪಾಸು, ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ನಲ್ಲಿಯಲ್ಲಿ ನೀರೂ ಜೋರಾಗಿಯೇ ಬರುತ್ತಿತ್ತು. ಹಾಗಾಗಿ ನೆಲಮಾಳಿಗೆಗೆ ಇಳಿದದ್ದು ಯಾವ ಅನುಮಾನದಿಂದಲೂ ಅಲ್ಲ. ಒಂದು ಗಂಟೆಯ ರೀಡಿಂಗ್ ಬರೆಯಬೇಕಿತ್ತು, ಅಷ್ಟೇ.

ಬ್ಲೋವರಿನ ಗೇಜಿನ ಮುಳ್ಳು ಸೊನ್ನೆಯಲ್ಲಿತ್ತು. ನಾಲ್ಕು ಮೀಟರ್ ಆಳದ ತೊಟ್ಟಿಯ ತಳಕ್ಕೆ ಗಾಳಿ ತಳ್ಳಬೇಕಾದರೆ ಆ ಮುಳ್ಳು 0.4ರಲ್ಲಿ ನಿಲ್ಲಲೇಬೇಕು. ಬೆಲ್ಟ್ ಹರಿದಿದೆಯೇ ಎಂದು ನೋಡಿದೆ, ಗಟ್ಟಿಯಾಗಿತ್ತು. ಸೇಫ್ಟಿ ವಾಲ್ವ್ ತೆರೆದುಕೊಂಡಿದೆಯೇ? ಇಲ್ಲ. ಅದನ್ನು ನಿಲ್ಲಿಸಿ ಎರಡನೆಯ ಬ್ಲೋವರ್ ಹಾಕಿದೆ. ಅದೂ ಗುಂಯ್‌ಗುಟ್ಟಿತು, ಅದರ ಮುಳ್ಳೂ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಪಕ್ಕದಲ್ಲೇ ಸ್ಯಾಂಡ್ ಫಿಲ್ಟರಿನ ಗೇಜು 2.5ರಿಂದ 1ಕ್ಕೆ ಇಳಿದಿತ್ತು. ಆರ್‌ಒ ಯಂತ್ರ ಸಾಕಷ್ಟು ನೀರಿನ ಒತ್ತಡ ಸಿಗದೆ ತಾನೇ ನಿಂತು ಕೆಂಪು ದೀಪ ಮಿನುಗಿಸುತ್ತಿತ್ತು. ನನಗೆ ಬೆವರು ಬಂತು. ಸಿಡಿಲು ಏನೇನು ಸುಟ್ಟಿದೆಯೋ ಎಂದು ಲೆಕ್ಕ ಹಾಕುತ್ತಾ ನಿಂತೆ.

ಎಸ್‌ಟಿಪಿ ಎಂದರೆ ಮೂಗು ಮುಚ್ಚಿಕೊಳ್ಳುವವರಿಗೆ ಒಂದು ಮಾತು ಹೇಳಬೇಕು. ಅದು ಯಂತ್ರಕ್ಕಿಂತ ಹೆಚ್ಚಾಗಿ ದನದ ಕೊಟ್ಟಿಗೆ. ಕೊಳಚೆಯನ್ನು ತಿನ್ನುವುದು ತೊಟ್ಟಿಯೊಳಗಿನ ಕೋಟ್ಯಂತರ ಜೀವಾಣುಗಳು. ಮನೆಗಳಿಂದ ಬರುವ ನೀರೇ ಅವುಗಳ ಮೇವು. ಬ್ಲೋವರಿನ ಗಾಳಿಯಿಂದಲೇ ಅವುಗಳ ಉಸಿರು. ಎರಡು ವರ್ಷದ ಹಿಂದೆ ತೊಟ್ಟಿ ತೊಳೆದು ಮತ್ತೆ ಶುರುಮಾಡಿದಾಗ ಸಗಣಿಯ ಬಗ್ಗಡ, ಬೆಲ್ಲದ ನೀರು ಹಾಕಿ ಅವುಗಳನ್ನು ಬೆಳೆಸಿದ್ದೆವು. ಬೆಲ್ಲ ನಮ್ಮೂರಿನ ಆಲೆಮನೆಯದೇ, ನಾನೇ ಬಸ್ಸಿನಲ್ಲಿ ತಂದದ್ದು. ಪಕ್ಕದ ಸೀಟಿನವರು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದಾಗ ನಿಜ ಹೇಳುವ ಧೈರ್ಯವಾಗಲಿಲ್ಲ. ಅವು ಹೊಂದಿಕೊಂಡು ತೊಟ್ಟಿ ಚಾಕೊಲೇಟ್ ಬಣ್ಣಕ್ಕೆ ತಿರುಗಲು ವಾರಗಳೇ ಬೇಕಾದವು. ಸಾಯಲು ಅಷ್ಟು ಕಾಲ ಬೇಡ. ಕೆಲವು ಗಂಟೆ ಗಾಳಿ ನಿಂತರೆ ಉಸಿರುಗಟ್ಟುತ್ತವೆ, ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಎದ್ದು ಮೊದಲ ಮಹಡಿಯವರ ಅಡುಗೆಮನೆ ತಲುಪುತ್ತದೆ. ಲಿಫ್ಟ್ ನಿಂತರೆ ಐದು ನಿಮಿಷಕ್ಕೆ ಫೋನ್ ಬರುತ್ತದೆ. ಈ ಜೀವಾಣುಗಳ ಪರವಾಗಿ ಫೋನ್ ಮಾಡುವವರು ಯಾರೂ ಇಲ್ಲ.

ಯಜಮಾನರು ಕೆಸರು ಹಿಂಡುವ ಫಿಲ್ಟರ್ ಪ್ರೆಸ್ಸಿನ ಬಟ್ಟೆ ತೊಳೆದು ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಸಿಡಿಲಿನ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬ್ಲೋವರಿನ ಸ್ವಿಚ್ ಆರಿಸಿ, ಮೋಟರಿನ ಹಿಂಬದಿಯ ಫ್ಯಾನಿನ ಜಾಲರಿಗೆ ಟಾರ್ಚ್ ಹಿಡಿದು ಕೂತರು. ಓಡುವಾಗ ಫ್ಯಾನಿನ ರೆಕ್ಕೆ ಕಾಣುವುದಿಲ್ಲ. ನಿಲ್ಲುವ ಮುಂಚಿನ ಎರಡು ಸುತ್ತಿನಲ್ಲಿ ಮಾತ್ರ ಅದು ಯಾವ ಕಡೆಗೆ ತಿರುಗುತ್ತಿದೆ ಎಂದು ತಿಳಿಯುತ್ತದೆ.

“ಬಾಣದ ಗುರುತು ಯಾವ ಕಡೆಗಿದೆ ನೋಡಪ್ಪಾ” ಎಂದರು.

ಮೋಟರಿನ ಮೈಮೇಲಿನ ಬಾಣ ಬಲಕ್ಕಿತ್ತು. ರೆಕ್ಕೆ ಎಡಕ್ಕೆ ತಿರುಗಿ ನಿಂತಿತು.

“ನಿಮ್ಮೂರಿನಲ್ಲಿ ಟಿಸಿ ಸುಟ್ಟು ಬೇರೆ ಟಿಸಿ ಕೂರಿಸಿದಾಗ ಏನಾಗುತ್ತದೆ?”

ನನಗೆ ನಾಚಿಕೆಯಾಯಿತು. ಊರಿನಲ್ಲಿ ಹೊಸ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೂರಿಸಿದ ಮರುದಿನ ಎಷ್ಟೋ ಸಲ ಬಯಲಿನ ಪಂಪ್‌ಸೆಟ್ಟುಗಳೆಲ್ಲ ಉಲ್ಟಾ ಹೊಡೆಯುತ್ತಿದ್ದವು. ಅಪ್ಪ ಫ್ಯೂಸ್ ಕಿತ್ತು, ಸ್ಟಾರ್ಟರಿನ ಮುಚ್ಚಳ ತೆಗೆದು, ಎರಡು ವೈರುಗಳನ್ನು ಅದಲುಬದಲು ಮಾಡಿ, ಬೀಡಿ ಹಚ್ಚುತ್ತಿದ್ದರು. ನಾನು ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಕೆಂಪು, ಹಳದಿ, ನೀಲಿ ಎಂದು ನಾವು ಕರೆಯುವ ಮೂರು ಫೇಸುಗಳು ಒಂದರ ಹಿಂದೆ ಒಂದು ಬರುವ ಸರದಿಯೇ ಮೋಟರ್ ಯಾವ ಕಡೆಗೆ ತಿರುಗಬೇಕು ಎಂದು ಹೇಳುವುದು. ಅದರಲ್ಲಿ ಯಾವುದಾದರೂ ಎರಡು ಜಾಗ ಬದಲಾಯಿಸಿಕೊಂಡರೆ ಮೋಟರ್ ಹಿಮ್ಮುಖ. ವೋಲ್ಟ್‌ಮೀಟರಿಗೆ ಈ ಸರದಿ ಗೊತ್ತಿಲ್ಲ. ಅದು 415 ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ. ಮಳೆಯಲ್ಲಿ, ಕತ್ತಲಿನಲ್ಲಿ, ಕಂಬದ ಮೇಲೆ ತುಂಡಾದ ತಂತಿ ಜೋಡಿಸಿದ ಕೈಗಳು ಎರಡನ್ನು ಅದಲುಬದಲು ಕಟ್ಟಿದ್ದವು. ಆ ಹೊತ್ತಿನಲ್ಲಿ ಆ ಕಂಬದ ಮೇಲೆ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಆಮೇಲೆ ಎಲ್ಲವೂ ಪಟಪಟನೆ ಜೋಡಿಕೊಂಡಿತು. ಲಿಫ್ಟಿನೊಳಗೆ ಫೇಸಿನ ಸರದಿ ಕಾಯುವ ರಿಲೇ ಇರುತ್ತದೆ. ಅದು ತನ್ನ ಕೆಲಸ ಮಾಡಿ ಲಿಫ್ಟನ್ನು ನಿಲ್ಲಿಸಿತ್ತು. ಮನೆಯ ದೀಪ, ಫ್ಯಾನ್ ಒಂದೇ ಫೇಸಿನವು, ಅವಕ್ಕೆ ಸರದಿಯ ಹಂಗಿಲ್ಲ. ನಲ್ಲಿಗೆ ನೀರು ತಳ್ಳುವ ಪಂಪುಗಳು ವಿಎಫ್‌ಡಿ ಡ್ರೈವಿನ ಮೇಲೆ ಓಡುತ್ತವೆ; ಡ್ರೈವ್ ಬಂದ ಕರೆಂಟನ್ನು ಡಿಸಿ ಮಾಡಿಕೊಂಡು ತನ್ನದೇ ಮೂರು ಫೇಸ್ ಹೊಸದಾಗಿ ಹುಟ್ಟಿಸುವುದರಿಂದ ಅವು ನೆಟ್ಟಗೇ ತಿರುಗುತ್ತಿದ್ದವು. ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಫಿಲ್ಟರ್ ಪಂಪು. ಪಂಪ್ ಉಲ್ಟಾ ತಿರುಗಿದರೆ ನೀರನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಐಟಿಐ ಮಾಡಿದವರೂ. ಸೆಂಟ್ರಿಫ್ಯೂಗಲ್ ಪಂಪ್ ಹಾಗೆ ಮಾಡುವುದಿಲ್ಲ. ಉಲ್ಟಾ ತಿರುಗಿದರೂ ನೀರನ್ನು ಮುಂದಕ್ಕೇ ಕೊಡುತ್ತದೆ, ಆದರೆ ಸೋಮಾರಿಯ ಹಾಗೆ, ಅರೆಮನಸ್ಸಿನಿಂದ. ಬ್ಲೋವರಿನ ಜಾತಿ ಬೇರೆ. ಅದು ಕೊಳವೆಯ ಕಡೆಯಿಂದಲೇ ಗಾಳಿ ಎಳೆಯಲು ಹೋಗಿ, ಗಾಳಿಯನ್ನು ಒಂದೇ ಕಡೆಗೆ ಬಿಡುವ ನಡುವಿನ ನಾನ್ ರಿಟರ್ನ್ ವಾಲ್ವ್ ಮುಚ್ಚಿಕೊಂಡು, ಸುಮ್ಮನೆ ಗುಂಯ್‌ಗುಡುತ್ತದೆ.

ಬೀರುವಿನ ಕೆಳಖಾನೆಯಲ್ಲಿ ಫೇಸಿನ ಸರದಿ ತೋರಿಸುವ, ಅಂಗೈಯಗಲದ ಒಂದು ಫೇಸ್ ಸೀಕ್ವೆನ್ಸ್ ಮೀಟರ್ ಇತ್ತು. ಕೊಂಡ ದಿನದಿಂದ ಡಬ್ಬಿಯಿಂದ ಹೊರಗೆ ಬಂದಿರಲಿಲ್ಲ. ಅದರ ಮೂರು ಕ್ಲಿಪ್ಪುಗಳನ್ನು ಲೈನಿಗೆ ಕೊಟ್ಟಾಗ ಗಾಜಿನೊಳಗಿನ ತಟ್ಟೆ ಉಲ್ಟಾ ತಿರುಗಿತು.

ಇನ್ನೇನು, ಐದು ನಿಮಿಷದ ಕೆಲಸ ಎಂದುಕೊಂಡೆ. ಬ್ಲೋವರಿನ ಫೀಡರ್ ಆರಿಸಿ, ಬೀಗ ಹಾಕಿ, ಸ್ಟಾರ್ಟರಿನ ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಇಟ್ಟಿದ್ದೆ. ಸೂಪರ್‌ವೈಸರ್ ಸಾಹೇಬರೂ ಫೋನಿನಲ್ಲಿ “ಬದಲಿಸಿಬಿಡು” ಎಂದರು. ಯಜಮಾನರು ನನ್ನ ಕೈಮೇಲೆ ಕೈ ಇಟ್ಟರು.

“ಈಗ ಬದಲಿಸಿದರೆ ಲೈನಿಗೆ ಸರಿಯಾಗುತ್ತದೆ. ಇನ್ನರ್ಧ ಗಂಟೆಗೆ ಮತ್ತೆ ಕರೆಂಟ್ ಹೋದರೆ?”

ಜನರೇಟರ್ ಬರುತ್ತದೆ. ಜನರೇಟರಿನ ಸರದಿ ಸರಿಯಾಗಿಯೇ ಇದೆ. ಆಗ ಇದು ಉಲ್ಟಾ. ನಾಳೆ ಕಂಬದ ಮೇಲೆ ಸರಿಪಡಿಸಿದರೆ ಮತ್ತೊಮ್ಮೆ ಉಲ್ಟಾ. ಹೀಗೆ ಹದಿನಾಲ್ಕು ಮೋಟರು. ತಪ್ಪು ಕಟ್ಟಡದ ಹೊರಗಿತ್ತು, ನಾನು ಅದನ್ನು ಒಳಗೆ ಕರೆದುಕೊಂಡು ಮೂಲೆ ಮೂಲೆಗೂ ಹಂಚಲು ಹೊರಟಿದ್ದೆ.

ಅಪ್ಪನಿಗೆ ಜನರೇಟರ್ ಇರಲಿಲ್ಲ. ಅವರ ಬುದ್ಧಿ ಅವರ ಗದ್ದೆಗೆ ಸರಿ. ಯಜಮಾನರು ಅಲ್ಲಿಂದ ಒಂದು ಹೆಜ್ಜೆ ಮುಂದೆ ಯೋಚಿಸಿದ್ದರು. ನಾನು ಮುಚ್ಚಳ ಹಾಕಿದೆ. ವಿದ್ಯುತ್ ಕಚೇರಿಗೆ ದೂರು ಬರೆಸಿ, ಸಾಹೇಬರಿಗೆ ವಿವರಿಸಿ, ಪ್ಯಾನೆಲ್ಲನ್ನು ಆಟೊದಿಂದ ಮ್ಯಾನ್ಯುಯಲ್ಲಿಗೆ ತಂದು ಒಂದೂಮುಕ್ಕಾಲಿಗೆ ಮತ್ತೆ ಜನರೇಟರ್ ಹಾಕಿದೆ. ತೊಟ್ಟಿಯ ಬಳಿಗೆ ಓಡಿದೆ. ಮೊದಲು ಒಂದು ಮೂಲೆಯಲ್ಲಿ ನಾಲ್ಕು ಗುಳ್ಳೆ, ಆಮೇಲೆ ಅಕ್ಕಿ ಕುದಿ ಬಂದ ಹಾಗೆ ಉದ್ದಕ್ಕೂ. ಒಂಬತ್ತನೆಯ ಮಹಡಿಯ ದಂಪತಿ ಮನೆ ಸೇರಿದರು. ಲಿಫ್ಟಿನವರಿಗೆ ಬರಬೇಡಿ ಎಂದು ಹೇಳಿ ಬೈಸಿಕೊಂಡೆ.

ಉಳಿದದ್ದು ಡೀಸೆಲ್ ಲೆಕ್ಕ. ಜನರೇಟರಿನ ಟ್ಯಾಂಕಿನಲ್ಲಿ 220 ಲೀಟರ್ ಇತ್ತು. ಕ್ಲಬ್ ಹೌಸ್, ಎರಡು ಲಿಫ್ಟು, ಅರ್ಧದಷ್ಟು ಓಣಿದೀಪ ಆರಿಸಿದರೆ ಗಂಟೆಗೆ 25 ಲೀಟರ್. ಹೊರಗೆ ಎಲ್ಲರ ಮನೆಯಲ್ಲೂ ಕರೆಂಟ್ ಇರುವಾಗ ನಾವು ಮಾತ್ರ ಜನರೇಟರ್ ಓಡಿಸುತ್ತಿದ್ದೇವೆ ಎಂದು ಎರಡನೆಯ ಮಹಡಿಯ ಒಬ್ಬರು ಕೆಳಗಿಳಿದು ಬಂದು ಜಗಳ ಮಾಡಿದರು. ಅವರಿಗೆ ಫೇಸಿನ ಸರದಿ ವಿವರಿಸಲು ಹೋಗಿ ಸೋತೆ. ಯಜಮಾನರು “ಸ್ವಾಮಿ, ವಾಸನೆ ಬರುತ್ತದೆ” ಎಂದರು. ಅವರು ತಕ್ಷಣ ಮೇಲೆ ಹೋದರು.

ಎಂಟು ಗಂಟೆಗೆ ಲೈನಿನವರು ಬಂದಾಗ 60 ಲೀಟರಿಗಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಲೈನ್ ಆಫ್ ಮಾಡಿಸಿ, ಕಂಬ ಹತ್ತಿ, ತಂತಿಗಳನ್ನು ಜೋಡಿಸುವ ಜಂಪರ್ ಬಿಚ್ಚಿ ಕಟ್ಟಲು ಅವರಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಈ ಸಲ ಮೀಟರಿನ ತಟ್ಟೆ ನೋಡಿಯೇ ಲೈನಿಗೆ ಬದಲಿಸಿದೆ. ಅಷ್ಟರಲ್ಲಿ ಯಜಮಾನರು ಒಂದು ಲೀಟರಿನ ಅಳತೆ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಿಟಕಿಯ ಬಳಿ ಇಟ್ಟಿದ್ದರು. ಅರ್ಧ ಗಂಟೆಗೆ ಕೆಸರು 320 ಮಿಲಿಲೀಟರಿನ ಗೆರೆಗೆ ಕೂತಿತು, ಮೇಲಿನ ನೀರು ತಿಳಿ, ಬಣ್ಣ ಕಂದು. ಮೂಸಿ ನೋಡಿ, “ಮಳೆ ನಿಂತ ಮಣ್ಣಿನ ವಾಸನೆ, ಬದುಕಿವೆ” ಎಂದರು.

ಪಾಳಿ ಮುಗಿಸಿ ಅಪ್ಪನಿಗೆ ಫೋನ್ ಮಾಡಿದೆ. ರಾತ್ರಿಯ ಕಥೆಯನ್ನೆಲ್ಲ ಹೇಳಿದೆ.

“ಎರಡು ವೈರ್ ಬದಲಿಸುವುದಕ್ಕೆ ಬೆಳಗಾಗುವ ತನಕ ಬೇಕಾಯಿತೇನೋ?” ಎಂದರು.

ಜನರೇಟರಿನ ವಿಷಯ ಬಿಡಿಸಿ ಹೇಳಲು ಶುರುಮಾಡಿದೆ. “ಇರಲಿ ಬಿಡು, ಈಗ ತ್ರೀ ಫೇಸ್ ಬಂದಿದೆ, ಕಬ್ಬಿಗೆ ನೀರು ತಿರುಗಿಸಬೇಕು” ಎಂದು ಫೋನ್ ಇಟ್ಟರು.