ನನ್ನ ಆರ್‌ಎಕ್ಸ್-8 ಎಂಜಿನ್ ಹೋಯಿತು: ಇಲ್ಲಿವರೆಗಿನ ಲೆಕ್ಕಾಚಾರ

ಏಪ್ರಿಲ್, ಮೊದಲ ವಾರ

ಗಾಡಿ 2004ರ ಮಾಜ್ದಾ ಆರ್‌ಎಕ್ಸ್-8. ಆರು ಗೇರಿನ ಮ್ಯಾನುಯಲ್. ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ನಮ್ಮ ಮನೆ ಗ್ಯಾರೇಜಿನಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಬಂಕಿನಲ್ಲಿ ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆದರೆ ಸತಾಯಿಸುತ್ತಿತ್ತು. ಕಳೆದ ವಾರ 680 ಹೆದ್ದಾರಿಯಲ್ಲಿ ಸುನೋಲ್ ಏರು ಹತ್ತುವಾಗ ಟಪ್ ಅಂತ ಒಂದು ಸದ್ದು, ಆಮೇಲೆ ಗಾಡಿಯೆಲ್ಲ ನಡುಕ, ಪಿಕಪ್ ಪೂರ್ತಿ ಬಿದ್ದುಹೋಯಿತು. ಬದಿಗೆ ಹಾಕಿದೆ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಟೋ ಮಾಡಿಸಿ ತಂದದ್ದಾಯಿತು.

ಈ ಗಾಡಿಯ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಇದರದ್ದು ರೋಟರಿ ಎಂಜಿನ್, ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು ಹೌಸಿಂಗ್ ಅನ್ನುವ ಹೊರಕವಚದ ಒಳಗೆ ತಿರುಗುತ್ತವೆ. ಒಂದೊಂದರದ್ದು 654 ಸಿಸಿ, ಒಟ್ಟು 1.3 ಲೀಟರ್. ಇಷ್ಟು ಪುಟ್ಟ ಎಂಜಿನ್ 9000 ಆರ್‌ಪಿಎಂವರೆಗೆ ಹೋಗುತ್ತದೆ, ಅಲ್ಲಿಗೆ ಮುಟ್ಟುವ ಮುಂಚೆ ಬೀಪ್ ಅಂತ ಎಚ್ಚರಿಸುತ್ತದೆ. ರೋಟರಿನ ಪ್ರತಿ ಮೂಲೆಯಲ್ಲೂ ಏಪೆಕ್ಸ್ ಸೀಲ್ ಅನ್ನುವ ಸಣ್ಣ ಲೋಹದ ಪಟ್ಟಿ ಇರುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ರಿಂಗ್ ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಅದು. ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತಡ, ಉಳಿಯುವುದು ಅದರಿಂದಲೇ.

ಆ ಸೀಲ್ ಸವೆಯದಿರಲಿ ಅಂತ ಎಂಜಿನ್ನೇ ಸ್ವಲ್ಪ ಸ್ವಲ್ಪ ಆಯಿಲ್ ಒಳಗೆ ಬಿಟ್ಟು ಸುಡುತ್ತದೆ. ಹಾಗಾಗಿ ಪೆಟ್ರೋಲ್ ಹಾಕಿಸಿದಾಗೆಲ್ಲ ಆಯಿಲ್ ಕಡ್ಡಿ ಎಳೆದು ನೋಡಬೇಕು. ಮೈಸೂರಿನಲ್ಲಿ ಬೆಳೆದವನಿಗೆ ಇದು ಹೊಸದೇನಲ್ಲ. ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ತಯಾರಾದ ಯೆಜ್ಡಿ ಅಪ್ಪನ ಹತ್ತಿರ ಇತ್ತು, ಬಂಕಿಗೆ ಹೋದಾಗೆಲ್ಲ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಿ ಹಾಕಿಸುತ್ತಿದ್ದೆವು. ಫೋನಿನಲ್ಲಿ ವಿಷಯ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಆಯಿಲ್ ಸರಿಯಾಗಿ ಹೋಗ್ತಿತ್ತೇನೋ?" ಹೋಗುತ್ತಿತ್ತು. ಲೈನ್‌ಗಳನ್ನು ಬಿಚ್ಚಿ ನೋಡಿದ್ದೇನೆ, ಅಲ್ಲಿ ತೊಂದರೆ ಇಲ್ಲ.

ಏಪ್ರಿಲ್ ಕೊನೆ

ಪರಿಚಯದವರೆಲ್ಲ ಆಗಲೇ ಸಲಹೆ ಕೊಡಲು ಶುರು ಮಾಡಿದ್ದರು. ಮಾರಿಬಿಡಿ, ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿಸಿ, ಗುಜರಿಗೆ ಕೊಡಿ. ನಾನು ಯಾವುದಕ್ಕೂ ಹೂಂ ಅನ್ನಲಿಲ್ಲ. ಏನು ಮುರಿದಿದೆ ಅಂತ ಗೊತ್ತಾಗದೆ ಏನು ಮಾಡಬೇಕು ಅಂತ ಹೇಗೆ ತೀರ್ಮಾನ ಮಾಡೋದು?

ಮೊದಲು ಕಂಪ್ರೆಷನ್. ಮಾಮೂಲಿ ಗೇಜ್ ಇಲ್ಲಿ ಸಾಲದು. ಒಂದು ರೋಟರ್‌ಗೆ ಮೂರು ಮುಖ, ಮಾಮೂಲಿ ಗೇಜು ಮೂರರಲ್ಲಿ ಜಾಸ್ತಿ ಇರುವುದನ್ನಷ್ಟೇ ಹಿಡಿದು ತೋರಿಸುತ್ತದೆ. ಎರಡು ಮುಖ ಸತ್ತಿದ್ದರೂ ಎಲ್ಲ ಚೆನ್ನಾಗಿದೆ ಅನ್ನಿಸಬಹುದು. ಮೂರನ್ನೂ ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರ್ ಬೇಕು. ಧಾರವಾಡದ ಗೆಳೆಯರೊಬ್ಬರು ಬಾಡಿಗೆಗೆ ತಂದುಕೊಟ್ಟರು, ಅವರೇ ಒಳಗೆ ಕೂತು ಸೆಲ್ಫ್ ಹೊಡೆದರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಈ ಗಾಡಿ ಪೆಟ್ರೋಲ್ ಬಿಡುವುದಿಲ್ಲ, ಟೆಸ್ಟಿಗೆ ಅದೇ ಬೇಕು. ಬ್ಯಾಟರಿಗೆ ಚಾರ್ಜರ್ ಹಾಕಿಟ್ಟಿದ್ದೆ. ಸೆಲ್ಫ್ ನಿಧಾನವಾದರೆ ಅಂಕಿ ಸುಮ್ನೆ ಕಡಿಮೆ ಬರುತ್ತದೆ.

ಮಾಜ್ದಾ ಪ್ರಕಾರ 250 ಆರ್‌ಪಿಎಂನಲ್ಲಿ ಒಳ್ಳೆಯ ಎಂಜಿನ್ನಿಗೆ 8.5 ಬರಬೇಕು, ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕದಲ್ಲಿ. 6.9ಕ್ಕಿಂತ ಇಳಿದರೆ ಎಂಜಿನ್ ಫೇಲ್. ಮುಖ ಮುಖಗಳ ನಡುವೆ 1.5ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ನಮಗೆ ಬಂದದ್ದು: ಮುಂದಿನ ರೋಟರ್ 6.6, 6.4, 6.5. ಹಿಂದಿನದು 6.2, 3.4, 3.1.

"ಏನ್ರೀ ಇದು, ಎರಡು ಮುಖ ಪೂರಾ ಮಲಗ್ಯಾವಲ್ರೀ" ಅಂದರು ಗೆಳೆಯರು. ಹೌದು. ಆದರೆ ಈ ಅಂಕಿಗಳು ಇನ್ನೂ ಒಂದು ಮಾತು ಹೇಳುತ್ತವೆ. ಒಂದೇ ಮುಖ ಬಿದ್ದಿದ್ದರೆ ಅನುಮಾನ ರೋಟರಿನ ಬದಿಯಲ್ಲಿರುವ ಸೈಡ್ ಸೀಲಿನ ಮೇಲೆ ಹೋಗುತ್ತಿತ್ತು. ಅಕ್ಕಪಕ್ಕದ ಎರಡು ಮುಖ ಒಟ್ಟಿಗೆ ಬಿದ್ದರೆ ಅವೆರಡರ ನಡುವಿನ ಏಪೆಕ್ಸ್ ಸೀಲ್ ಹೋಗಿದೆ ಅಂತ ಅರ್ಥ. ಎರಡೂ ಕಡೆ ಗಾಳಿ ಹಿಡಿದಿಡುವುದು ಆ ಒಂದೇ ಪಟ್ಟಿ ತಾನೆ. ಮುಂದಿನ ರೋಟರ್‌ನಲ್ಲಿ ಮೂರು ಮುಖವೂ ಸಮವಾಗಿ ಇಳಿದಿವೆ. ಅದು ವಯಸ್ಸಿನ ಸವೆತ. ಬಿಸಿ ಸ್ಟಾರ್ಟಿಂಗ್ ತೊಂದರೆಗೂ ಈ ಸೋರಿಕೆಯೇ ಕಾರಣ.

ಮೇ

ಎಂಜಿನ್ ಸತ್ತಿದೆ, ಸರಿ. ಕೊಂದದ್ದು ಯಾವುದು? ಇದನ್ನು ಹುಡುಕದೆ ಹೊಸ ಎಂಜಿನ್ ಕೂರಿಸಿದವರ ಕಥೆ ಬೇಕಾದಷ್ಟಿದೆ. ಅದೇ ರೋಗ ಹೊಸದಕ್ಕೂ ತಗಲುತ್ತದೆ.

ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳನ್ನೂ ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿದೆ. ಮೂರರಲ್ಲಿ ಸ್ಪಾರ್ಕ್ ನೀಲಿ, ಗಟ್ಟಿ. ಹಿಂದಿನ ರೋಟರಿನ ಎರಡರಲ್ಲಿ ಲೀಡಿಂಗ್ ಅನ್ನುವ ಕಾಯಿಲ್‌ನಲ್ಲಿ ಮಾತ್ರ ಹಳದಿ, ಸಣಕಲು, ಆಗಾಗ ತಪ್ಪುತ್ತದೆ. ಹಿಂದಿನ ರೋಟರ್! ಆಮೇಲೆ ಗಾಡಿ ಕೆಳಗೆ ಮಲಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಳಿಸಿದೆ. ಅಂಗೈಯಲ್ಲಿ ತಟ್ಟಿದರೆ ಒಳಗೆ ಕಲ್ಲು ಉರುಳಿದ ಸದ್ದು. ಟಾರ್ಚ್ ಹಾಕಿದರೆ ಜೇನುಗೂಡಿನಂಥ ಒಳಭಾಗ ಅರ್ಧ ಕರಗಿ ಮುದ್ದೆಯಾಗಿದೆ. ತೂತುಗಳು ಮುಚ್ಚಿಹೋಗಿವೆ.

ಇಡೀ ಸರಣಿ ಈಗ ಕಣ್ಣಮುಂದಿದೆ. ಕಾಯಿಲ್ ಸೋತಿತು. ಪೆಟ್ರೋಲ್ ಪೂರ್ತಿ ಉರಿಯದೆ ಹೊರಗೆ ಹೋಯಿತು. ಕನ್ವರ್ಟರ್ ಒಳಗೆ ಹೋಗಿ ಉರಿಯಿತು. ಅದು ಕರಗಿ ಕಟ್ಟಿಕೊಂಡಿತು. ಹೊಗೆಗೆ ದಾರಿ ಇಲ್ಲದೆ ಬಿಸಿ ಎಂಜಿನ್ ಒಳಗೇ ನಿಂತಿತು. ಸವೆದಿದ್ದ ಸೀಲ್ ಅಷ್ಟು ಬಿಸಿ ತಡೆಯಲಿಲ್ಲ.

ನನಗಂತೂ ಇದು ತುಂಬ ಸಮಾಧಾನ ಕೊಟ್ಟಿತು. ರೋಟರಿ ಎಂಜಿನ್ ಅಂದರೇನೇ ಹೀಗೆ, ಯಾವಾಗ ಬೇಕಾದರೂ ಕೈ ಕೊಡುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಇಲ್ಲಿ ಕಾರಣ ಇದೆ, ಕಾರಣಕ್ಕೆ ಮದ್ದೂ ಇದೆ.

ಜೂನ್: ಏನು ಮಾಡೋದು

ವಾರಂಟಿ ಮಾತೇ ಇಲ್ಲ. ಅಮೆರಿಕದಲ್ಲಿ ಮಾಜ್ದಾ ಈ ಎಂಜಿನ್ನಿಗೆ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತ್ತು, ಅದು ಮುಗಿದು ಎಷ್ಟೋ ಕಾಲವಾಯಿತು. ಇದ್ದ ಹಾಗೆ ಮಾರಿದರೆ ಸಿಗುವ ದುಡ್ಡಿನಲ್ಲಿ ಒಂದು ಒಳ್ಳೆ ಸೈಕಲ್ ಬರಬಹುದು, ಅಷ್ಟೇ.

ಹಳೆ ಎಂಜಿನ್ ತಂದು ಹಾಕುವುದು ಎಲ್ಲಕ್ಕಿಂತ ಅಗ್ಗ. ಜಪಾನಿನಿಂದ ಬಂದವು ಇಲ್ಲಿ ಸಿಗುತ್ತವೆ. ಆದರೆ ನನ್ನದು ಆರು ಪೋರ್ಟಿನ, ಅಂದರೆ ಗಾಳಿ ಒಳಗೆ ಬರಲು ಆರು ತೂತಿರುವ ಎಂಜಿನ್. ನಾಲ್ಕು ಪೋರ್ಟಿನದ್ದೂ ಇದೆ, ಅದು ಬೇಡ. ಅದಕ್ಕಿಂತ ಮುಖ್ಯ, ಮಾರುವವರು ಮೂರು ಮುಖದ ಅಂಕಿ ಕೊಡಲು ಒಪ್ಪಬೇಕು. ಒಂದು ಕಡೆ ಕೇಳಿದರೆ "ಓಡ್ತಾ ಇತ್ತು" ಅಂದರು, ಅಂಕಿ ಕೊಡಲಿಲ್ಲ. ಅಂಥ ಕಡೆ ದುಡ್ಡು ಹಾಕಲು ನನಗೆ ಮನಸ್ಸಿಲ್ಲ. ಅದರ ಸೀಲ್‌ಗಳಿಗೂ ಹತ್ತಿರಹತ್ತಿರ ಇಷ್ಟೇ ವಯಸ್ಸಾಗಿರುತ್ತದೆ ಅಲ್ವಾ?

ವಿ8 ಬಗ್ಗೆ ನಿಜವಾಗಿ ಯೋಚಿಸಿದೆ. ಜಿಎಂ ಕಂಪನಿಯ ಎಲ್‌ಎಸ್ ಎಂಜಿನ್ ಈ ಗಾಡಿಗೆ ಕೂರುತ್ತದೆ, ಅದಕ್ಕೆ ಬೇಕಾದ ಸಾಮಾನೆಲ್ಲ ಕಿಟ್ ಆಗಿಯೇ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಿಯಮ ಬಿಗಿ. ಹಾಕುವ ಎಂಜಿನ್ ಗಾಡಿಯ ವರ್ಷದ್ದೇ ಅಥವಾ ಅದಕ್ಕಿಂತ ಹೊಸದಿರಬೇಕು. ಅದರ ಹೊಗೆ ನಿಯಂತ್ರಣದ ಸಾಮಾನು ಒಂದೂ ಬಿಡದೆ ಜೊತೆಗೇ ಬರಬೇಕು. ಹೊಗೆ ತಪಾಸಣೆಯ ಸ್ಮಾಗ್ ರೆಫರಿ ನೋಡಿ ಒಪ್ಪಿ ಚೀಟಿ ಅಂಟಿಸಬೇಕು. ಮಾಡಬಹುದು, ಮಾಡಿದವರಿದ್ದಾರೆ. ಆದರೆ ಈ ಗಾಡಿಯನ್ನು ಕಟ್ಟಿದ್ದೇ ಆ ಪುಟ್ಟ ಎಂಜಿನ್ ಸುತ್ತ. ಎಂಜಿನ್ ಮುಂದಿನ ಚಕ್ರಗಳ ಹಿಂದೆ, ತೀರಾ ಕೆಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮೂತಿ ತಕ್ಷಣ ತಿರುಗುವುದು ಅದಕ್ಕೇ. ವಿ8 ಗಾಡಿ ಬೇಕಿದ್ದರೆ ಅದನ್ನೇ ಕೊಳ್ಳಬಹುದು. ಇಂಥ ರೋಟರಿ ಸ್ಪೋರ್ಟ್ಸ್ ಕಾರು ಈಗ ಹೊಸದು ಸಿಗುವುದಿಲ್ಲ, ಆರ್‌ಎಕ್ಸ್-8 ತಯಾರಿಕೆ 2012ಕ್ಕೇ ನಿಂತಿತು.

ಹೆಂಡತಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ನೇರವಾಗಿತ್ತು. "ರೀ, ಇದನ್ನ ಕೊಟ್ಟು ಬೇರೆ ತಗೊಂಡ್ರೆ ನೀವು ಕಳ್ಕೊಳ್ಳೋದಾದ್ರೂ ಏನು?" ಕೂತು ಯೋಚಿಸಿ ಹೇಳಿದೆ. ಒಂದು, ಆ 9000. ಎರಡು, ಹಿಂದಿನ ಪುಟ್ಟ ಬಾಗಿಲುಗಳು. ಅವು ಹಿಮ್ಮುಖವಾಗಿ ತೆರೆಯುವುದರಿಂದ ಮಗಳು ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂರುತ್ತಾಳೆ. ಸ್ಪೋರ್ಟ್ಸ್ ಕಾರಿನಲ್ಲಿ ಮೂರೂ ಜನ ಒಟ್ಟಿಗೆ ಹೋಗುವ ಭಾಗ್ಯ ಬೇರೆ ಯಾವ ಗಾಡಿಯಲ್ಲಿ ಈ ಬೆಲೆಗೆ ಸಿಗುತ್ತದೆ? ಅವಳೂ ಲೆಕ್ಕ ಹಾಕಿದಳು. ಒಂದು ಮೊತ್ತ ನಿಗದಿ ಮಾಡಿಕೊಂಡೆವು, ಅದು ದಾಟುವುದಾದರೆ ಕೆಲಸ ಅಲ್ಲಿಗೇ ನಿಲ್ಲಿಸುವುದು ಅಂತ.

ಹಾಗಾಗಿ ತೀರ್ಮಾನ: ಇದೇ ಎಂಜಿನ್ ಬಿಚ್ಚಿ ಕಟ್ಟಿಸುವುದು. ಇಳಿಸುವ, ಏರಿಸುವ ಕೆಲಸ ನನ್ನದು. ಒಳಗಿನ ಕೆಲಸ ರೋಟರಿ ಒಂದನ್ನೇ ಮಾಡುವ ಒಬ್ಬ ಮೆಕ್ಯಾನಿಕ್‌ದು. ಗಾಡಿಯ ಬೆಲೆಗಿಂತ ಖರ್ಚು ಜಾಸ್ತಿ ಆಗುತ್ತದೆ, ಗೊತ್ತಿದೆ. ಮಾರುವ ಗಾಡಿಯಾಗಿದ್ದರೆ ಆ ಲೆಕ್ಕಕ್ಕೆ ತೂಕ ಇರುತ್ತಿತ್ತು.

ಆಗಸ್ಟ್

ಎಂಜಿನ್ ಇಳಿಸಿ, ಬಿಚ್ಚಿಸಿ ಆಯಿತು. ಬಿಚ್ಚುವಾಗ ನಾನೂ ಅಲ್ಲೇ ನಿಂತಿದ್ದೆ. ಹಿಂದಿನ ರೋಟರಿನ ಒಂದು ಏಪೆಕ್ಸ್ ಸೀಲ್ ತುದಿಯಲ್ಲಿ ಮುರಿದಿದೆ, ನಾವು ಅಂದುಕೊಂಡ ಮೂಲೆಯದ್ದೇ. ಆ ಚೂರು ಹೌಸಿಂಗಿನ ಕ್ರೋಮ್ ಮೇಲೆ ಉದ್ದಕ್ಕೂ ಗೀರಿದೆ. ಬೆರಳು ಆಡಿಸಿದರೆ ಸ್ಪಾರ್ಕ್ ಪ್ಲಗ್ ತೂತಿನ ಕೆಳಗಿಂದ ಶುರುವಾಗಿ ಉಗುರು ಸಿಕ್ಕಿಕೊಳ್ಳುತ್ತದೆ. 1960ರ ದಶಕದಲ್ಲಿ ಹಿರೋಷಿಮಾದಲ್ಲಿ ಮಾಜ್ದಾ ಎಂಜಿನಿಯರ್ ಕೆನಿಚಿ ಯಮಾಮೊಟೊ ತಂಡ ಮೊದಲ ರೋಟರಿ ಎಂಜಿನ್‌ಗಳ ಹೌಸಿಂಗಿನಲ್ಲಿ ಕಂಡ ಗೀರುಗಳಿಗೆ ದೆವ್ವದ ಉಗುರಿನ ಗುರುತು ಅಂತ ಹೆಸರಿಟ್ಟಿತ್ತು. ಅವು ಸೀಲ್ ಅದುರಿ ಆದ ಅಲೆ ಅಲೆ ಗುರುತುಗಳು, ಇದು ಬೇರೆ. ಆದರೂ ಅದನ್ನು ಮುಟ್ಟಿದಾಗ ಅವರ ನೆನಪಾಯಿತು. ಅವರು ಅದನ್ನು ಬಗೆಹರಿಸಿದ್ದರಿಂದಲೇ 1967ರಲ್ಲಿ ಮಾಜ್ದಾದ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಹೊರಬಂತು. ನನ್ನ ಗಾಡಿಯೂ ಅದೇ ವಂಶದ್ದು.

ಹಿಂದಿನ ಹೌಸಿಂಗ್ ಹೊಸದು ಬೇಕು. ಮುಂದಿನದ್ದರಲ್ಲಿ ಕ್ರೋಮ್ ಅಂಚಿನಲ್ಲಿ ಮಾತ್ರ ಸ್ವಲ್ಪ ಎದ್ದಿದೆ. ಬಳಸಬಹುದು ಅಂದರು ಮೆಕ್ಯಾನಿಕ್, ಅಳತೆಯನ್ನೂ ತೋರಿಸಿದರು. ರೋಟರ್‌ಗಳು ಎರಡೂ ಉಳಿದಿವೆ. ಬೇರಿಂಗ್‌ಗಳು ತಾಮ್ರ ಕಾಣುವಷ್ಟು ಸವೆದಿವೆ, ಅವನ್ನು ಈ ಸಲವೇ ಬದಲಾಯಿಸುವುದು. ಎಲ್ಲ ಸೀಲ್, ಸ್ಪ್ರಿಂಗ್ ಹೊಸದು. ನಾವು ಇಟ್ಟ ಮೊತ್ತದೊಳಗೇ ಇದೆ, ಹೌಸಿಂಗ್ ಇನ್ನೊಂದು ಬೇಕಾಗಿದ್ದರೆ ದಾಟುತ್ತಿತ್ತು.

ನಾಲ್ಕೂ ಕಾಯಿಲ್, ಪ್ಲಗ್, ವೈರ್ ಆಗಲೇ ತಂದಿಟ್ಟಿದ್ದೇನೆ. ಕನ್ವರ್ಟರ್ ಮಾತ್ರ ತಡ. ಈ ರಾಜ್ಯದಲ್ಲಿ ಗಾಡಿ ಕಂಪನಿಯದ್ದೇ ಅಥವಾ ವಾಯುಮಾಲಿನ್ಯ ನೋಡಿಕೊಳ್ಳುವ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿಗೆಯ ಸಂಖ್ಯೆ ಇರುವುದನ್ನೇ ಹಾಕಬೇಕು. ಅದು ದುಬಾರಿ, ಬೇರೆ ಕಡೆ ಸಿಗುವ ಅಗ್ಗದ ಮಾಲು ಇಲ್ಲಿ ನಡೆಯುವುದಿಲ್ಲ. ಅದು ಬರದೆ ಎಂಜಿನ್ ಸ್ಟಾರ್ಟ್ ಮಾಡುವ ಪ್ರಶ್ನೆಯೇ ಇಲ್ಲ.

ರಿಜಿಸ್ಟ್ರೇಷನ್ ನವೀಕರಣ ನವೆಂಬರಿನಲ್ಲಿ, ಅದಕ್ಕೆ ಸ್ಮಾಗ್ ಟೆಸ್ಟ್ ಪಾಸಾಗಬೇಕು. ಅಷ್ಟರೊಳಗೆ ಆಗದಿದ್ದರೆ ಗಾಡಿ ರಸ್ತೆಗೆ ಇಳಿಯುವುದಿಲ್ಲ ಅಂತ ಇಲ್ಲಿನ ಆರ್‌ಟಿಒ ಆದ ಡಿಎಂವಿಗೆ ಬರೆದುಕೊಟ್ಟು ಗ್ಯಾರೇಜಿನಲ್ಲೇ ಇಡುತ್ತೇನೆ. ಎಂಜಿನ್ ಕೂತ ಮೇಲೆ ಮೊದಲ ಕೆಲಸ ಮತ್ತೆ ಅದೇ ಟೆಸ್ಟರ್, ಆರು ಮುಖ. ಅಂಕಿ ಬಂದ ದಿನ ಇಲ್ಲಿ ಹಾಕುತ್ತೇನೆ.