ಮಾದರಿ ರೈಲಿಗೆ ಎಷ್ಟು ಜಾಗ ಬೇಕು?

ನಾನು ಮಾದರಿ ರೈಲು ಕಟ್ಟುತ್ತೇನೆಂದು ತಿಳಿದ ಕೂಡಲೇ ಶಿವಮೊಗ್ಗದ ಬಂಧುಗಳೂ ಸ್ನೇಹಿತರೂ ಕೇಳುವ ಪ್ರಶ್ನೆ, “ಅದಕ್ಕೆ ಎಷ್ಟು ಜಾಗ ಬೇಕು?” ಕೇಳುವವರಲ್ಲಿ ಹಲವರಿಗೆ ತಾವೂ ಒಂದನ್ನು ಕಟ್ಟಬೇಕೆಂಬ ಆಸೆ ಇರುತ್ತದೆ, ಆದರೆ ಬಾಡಿಗೆ ಮನೆ, ಎರಡು ಕೋಣೆ, ಓದುವ ಮಕ್ಕಳು ಎಂದು ಲೆಕ್ಕ ಹಾಕಿ ಆಸೆಯನ್ನು ಅಲ್ಲಿಗೇ ಕೈಬಿಡುತ್ತಾರೆ. ಅವರಿಗೆ ನನ್ನ ಉತ್ತರ: ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು.

ಹೆಚ್ಚು ಜಾಗ ಬೇಕೆಂಬ ಭಾವನೆ ಹುಟ್ಟುವುದು ರೈಲು ಸುತ್ತು ಹೊಡೆಯಲೇಬೇಕು ಎಂದುಕೊಳ್ಳುವುದರಿಂದ. 1:87 ಅಳತೆಯ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿರುವ, ಎಚ್‌ಒ ಮಾದರಿಯಲ್ಲಿ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 18 ಅಂಗುಲ. ಪೂರ್ಣ ವೃತ್ತಕ್ಕೆ ಮೂರು ಅಡಿ, ಅಂಚುಗಳಿಗೆ ಇನ್ನಷ್ಟು ಸೇರಿದರೆ 8×4 ಅಡಿಯ ಪ್ಲೈವುಡ್ ಶೀಟೇ ಬೇಕಾಗುತ್ತದೆ. ಇನ್ನು ಬ್ರಾಡ್‌ಗೇಜಿನ ಎಕ್ಸ್‌ಪ್ರೆಸ್ ರೈಲನ್ನೇ ತೋರಿಸಹೊರಟರೆ, ಸುಮಾರು 22 ಮೀಟರಿನ ಬೋಗಿ ಈ ಅಳತೆಯಲ್ಲಿ 25 ಸೆಂಟಿಮೀಟರ್ ಆಗುವುದರಿಂದ, ಇಪ್ಪತ್ತು ಬೋಗಿಗಳಿಗೇ ಐದು ಮೀಟರ್ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ಆ ರೈಲು ಸುತ್ತುತ್ತಲೇ ಇರುತ್ತದೆ, ನೋಡುವವರಿಗೆ ಮಾಡಲು ಕೆಲಸವೇನೂ ಉಳಿಯುವುದಿಲ್ಲ.

ನಮ್ಮ ಮಲೆನಾಡಿನ ರೈಲು ಹಾಗಿರಲಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ಮೀಟರ್‌ಗೇಜ್ ಹಳಿ ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ದಾಟಿ ತಾಳಗುಪ್ಪ ಮುಟ್ಟಿತು. ಬ್ರಾಡ್‌ಗೇಜ್ ಆಗುವ ಮುಂಚಿನ ವರ್ಷಗಳಲ್ಲಿ ಶಿವಮೊಗ್ಗ–ತಾಳಗುಪ್ಪದ ನಡುವೆ ಓಡಿದ್ದು ಬಸ್ಸಿನಷ್ಟೇ ಉದ್ದದ ರೈಲುಬಸ್ಸು. ಹೆಂಚಿನ ಮಾಡಿನ ಒಂದು ಕಟ್ಟಡ, ತಗ್ಗು ಪ್ಲಾಟ್‌ಫಾರ್ಮ್, ಸರಕಿನ ವ್ಯಾಗನ್‌ಗಳನ್ನು ನಿಲ್ಲಿಸುವ ಒಂದು ಪಕ್ಕದ ಹಳಿ, ಅಂದರೆ ಗೂಡ್ಸ್ ಸೈಡಿಂಗ್: ಇಷ್ಟರಲ್ಲಿ ಇಡೀ ನಿಲ್ದಾಣ ಮುಗಿಯುತ್ತದೆ. ಪುಸ್ತಕದ ಕಪಾಟಿನ ಮೇಲೆ ಕೂರುವ ಮಾದರಿಗೆ ಇದಕ್ಕಿಂತ ಒಪ್ಪುವ ವಿಷಯವನ್ನು ನಾನು ಕಾಣೆ.

ಆ ಸೈಡಿಂಗಿನಲ್ಲೇ ಇಡೀ ಹವ್ಯಾಸದ ಸ್ವಾರಸ್ಯವಿದೆ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಎಂಬ ವಿನ್ಯಾಸದಲ್ಲಿ ಒಂದೇ ಹಳಿ ಎರಡು ಪಾಯಿಂಟ್‌ಗಳ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಗಳ) ಮೂಲಕ ಮೂರಾಗಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ತಲಾ ಮೂರು. ಇನ್ನೊಂದು ತುದಿಯಲ್ಲಿ, ವ್ಯಾಗನ್‌ಗಳನ್ನು ಹಿಂದೆ ಮುಂದೆ ಎಳೆದಾಡಲು ಇರುವ ‘ಶಂಟಿಂಗ್ ನೆಕ್’ ಎಂಬ ಹಳಿಯ ತುಂಡಿನಲ್ಲಿ, ಎಂಜಿನ್ನಿನ ಜೊತೆಗೆ ಮೂರು ವ್ಯಾಗನ್ನಿಗಷ್ಟೇ ಜಾಗವಿರಬೇಕು. ಇರುವ ಎಂಟು ವ್ಯಾಗನ್‌ಗಳಿಗೆ ಎಂಟು ಚೀಟಿ ಬರೆದು, ಐದನ್ನು ಎತ್ತಿ, ಬಂದ ಕ್ರಮದಲ್ಲಿಯೇ ಆ ಐದು ವ್ಯಾಗನ್‌ಗಳ ರೈಲನ್ನು ಜೋಡಿಸುವುದು ಆಟ. ಹೀಗೆ ಆಗಬಹುದಾದ ರೈಲುಗಳು 8×7×6×5×4, ಅಂದರೆ 6,720. ಕವಲುಗಳ ಉದ್ದವನ್ನು ಮಾತ್ರ ಬದಲಿಸಬೇಡಿ. ಜಾಗ ಇಕ್ಕಟ್ಟಾಗಿರುವುದರಿಂದಲೇ ಯಾವ ವ್ಯಾಗನನ್ನು ಮೊದಲು ಎಳೆಯಬೇಕು, ಯಾವುದನ್ನು ತಾತ್ಕಾಲಿಕವಾಗಿ ಎಲ್ಲಿ ಬಿಡಬೇಕು ಎಂದು ಯೋಚಿಸಬೇಕಾಗುತ್ತದೆ. ನಾಲ್ಕು ಗಾಲಿಯ ಗಿಡ್ಡ ವ್ಯಾಗನ್‌ಗಳನ್ನು ಆರಿಸಿಕೊಂಡರೆ ಇದಿಷ್ಟೂ ನಾಲ್ಕಡಿಯಲ್ಲಿ ಅಡಕವಾಗುತ್ತದೆ.

ಮೀಟರ್‌ಗೇಜನ್ನು ಆರಿಸಲು ಇನ್ನೊಂದು ಕಾರಣವೂ ಇದೆ. ಭಾರತದ ಬ್ರಾಡ್‌ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 1,676 ಮಿಲಿಮೀಟರ್; 1:87ರಲ್ಲಿ ಅದು ಸುಮಾರು 19 ಮಿಲಿಮೀಟರ್ ಆಗಬೇಕು. ಆದರೆ ಸಿದ್ಧವಾಗಿ ಸಿಗುವ ಎಚ್‌ಒ ಹಳಿ 1,435 ಮಿಲಿಮೀಟರಿನ ಗೇಜಿಗಾಗಿ ತಯಾರಾದದ್ದಾದ್ದರಿಂದ ಅದರ ಅಗಲ 16.5 ಮಿಲಿಮೀಟರ್ ಮಾತ್ರ, ಅದರ ಮೇಲೆ ನಮ್ಮ ಬೋಗಿ ನಿಂತಾಗ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಮೀಟರ್‌ಗೇಜಿಗೆ ಬೇಕಾದ್ದು ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ರೈಲುಗಳ ಮಾದರಿಗಳಿಗಾಗಿ 12 ಮಿಲಿಮೀಟರಿನ ಹಳಿಗಳೂ ಅದಕ್ಕೆ ಹೊಂದುವ ಎಂಜಿನ್‌ಗಳೂ ಬಹಳ ಕಾಲದಿಂದ ತಯಾರಾಗುತ್ತಿವೆ. ಅವುಗಳ ಚಾಸಿಯ (ಗಾಲಿ, ಮೋಟಾರ್ ಇರುವ ತಳಭಾಗದ) ಮೇಲೆ ನಮ್ಮ ಎಂಜಿನ್ನಿನ ಹೊದಿಕೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕೂರಿಸಬಹುದು. ತಾಳ್ಮೆ ಬೇಡುವ ಕೆಲಸ ಹೌದು, ಆದರೆ ಅಳತೆ ಸರಿಯಾಗಿ ಕೂತಾಗ ಆಗುವ ಸಂತೋಷ ದೊಡ್ಡದು.

ಮಲೆನಾಡಿನಲ್ಲಿ ಕಟ್ಟುವವರು ಜಾಗಕ್ಕಿಂತ ಮಳೆಗಾಲದ ಬಗ್ಗೆ ಹೆಚ್ಚು ಚಿಂತಿಸಬೇಕು. ನೀರು ತಡೆಯುವ ಮರೀನ್ ಪ್ಲೈವುಡ್ಡನ್ನೇ ತಂದು, ಕತ್ತರಿಸಿದ ಅಂಚುಗಳಿಗೂ ತಳಕ್ಕೂ ವಾರ್ನಿಶ್ ಬಳಿಯಬೇಕು. ಇಲ್ಲವಾದರೆ ಆಷಾಢದ ತೇವಕ್ಕೆ ಹಲಗೆ ಉಬ್ಬಿ ಹಳಿಯ ಕೀಲುಗಳು ಏರುಪೇರಾಗುತ್ತವೆ. ಹಳಿಯ ಮೂಲಕವೇ 12 ವೋಲ್ಟಿನ ವಿದ್ಯುತ್ ಎಂಜಿನ್ನಿಗೆ ಹೋಗುವುದರಿಂದ ಹಳಿಯ ಮೇಲ್ಮೈಯನ್ನೂ ಗಾಲಿಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು. ನೆಲಕ್ಕೆ ನಮ್ಮದೇ ಕೆಮ್ಮಣ್ಣು ಬಹಳ ಚೆನ್ನಾಗಿ ಒಪ್ಪುತ್ತದೆ. ಅದನ್ನು ಬಾಣಲೆಯಲ್ಲಿ ಹುರಿದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಮೇಲೆ, ಕಾಗದ ಸುತ್ತಿದ ಅಯಸ್ಕಾಂತವನ್ನು ಒಮ್ಮೆ ಆಡಿಸಬೇಕು, ಏಕೆಂದರೆ ಆ ಮಣ್ಣಿನಲ್ಲಿರುವ ಕಬ್ಬಿಣದ ಕಣಗಳನ್ನು ಎಂಜಿನ್ನಿನ ಮೋಟಾರ್ ತನ್ನತ್ತ ಸೆಳೆದುಕೊಳ್ಳುತ್ತದೆ. ಹುಲ್ಲಿಗೆ ಸಾಮಿಲ್ಲಿನ ಹೊಟ್ಟಿಗೆ ಬಣ್ಣ ಹಾಕಿದರೆ ಸಾಕು. ಹಿಂಬದಿಗೆ ಅಡಿಕೆ ಮರಗಳ ಸಾಲು ನಿಲ್ಲಿಸುವುದು ನನಗೆ ಬಹಳ ಇಷ್ಟ: ಹದಿನೈದು ಮೀಟರಿನ ಅಡಿಕೆ ಮರ 1:87ರಲ್ಲಿ 17 ಸೆಂಟಿಮೀಟರ್ ಎತ್ತರವಾಗುತ್ತದೆ, ಹಿಂದಿನ ಗೋಡೆಯನ್ನು ಮರೆಸಲು ಅಷ್ಟು ಬೇಕಾದಷ್ಟಾಯಿತು.

ಮೊದಲು ಕೊಳ್ಳಬೇಕಾದ್ದು ಎರಡು ಪಾಯಿಂಟ್, ಸ್ವಲ್ಪ ನೇರ ಹಳಿ, ಎಂಟು ವ್ಯಾಗನ್. ಎಂಜಿನ್ ಆಮೇಲೆ ಬಂದರೂ ನಡೆಯುತ್ತದೆ. ಹಳಿಗಳನ್ನು ಮೊಳೆ ಹೊಡೆಯದೆ ಹಲಗೆಯ ಮೇಲೆ ಇಟ್ಟು, ಚೀಟಿ ಎತ್ತಿ, ವ್ಯಾಗನ್‌ಗಳನ್ನು ಕೈಯಿಂದಲೇ ತಳ್ಳಿ ಕೆಲವು ಸಂಜೆ ಆಡಿ ನೋಡಿ. ಪಾಯಿಂಟ್ ಎರಡು ಅಂಗುಲ ಆಚೆಗಿರಬೇಕಿತ್ತು ಎನ್ನಿಸಿದರೆ ಅದನ್ನು ಸರಿಸಬೇಕಾದ್ದು ಆಗಲೇ, ಫೆವಿಕಾಲ್ ಹಾಕುವ ಮೊದಲು.